ಕ್ವೇಕ್‌ನೆಟ್: ಆಟಗಾರರು ತಾವೇ ಕಟ್ಟಿದ ಮಾತಿನ ಕಟ್ಟೆ

1996ರ ಜೂನ್‌ನಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ 'ಕ್ವೇಕ್' ಆಟವನ್ನು ಬಿಡುಗಡೆ ಮಾಡಿತು. ವರ್ಷದ ಕೊನೆಗೆ ಬಂದ 'ಕ್ವೇಕ್‌ವರ್ಲ್ಡ್', ನಿಧಾನಗತಿಯ ಮೋಡೆಮ್ ಇದ್ದವರೂ ದೂರದ ಊರಿನವರೊಂದಿಗೆ ಸೆಣಸುವಂತೆ ಮಾಡಿತು. ಆಡಲು ಸರ್ವರ್‌ಗಳೇನೋ ಸಿಕ್ಕವು. ಆದರೆ ಎದುರಾಳಿ ತಂಡ ಹುಡುಕುವುದೆಲ್ಲಿ, ಪಂದ್ಯದ ಹೊತ್ತು ಗೊತ್ತುಮಾಡುವುದೆಲ್ಲಿ, ಆಟ ಮುಗಿದ ಮೇಲೆ ಸೋಲುಗೆಲುವಿನ ಮಾತಾಡುವುದೆಲ್ಲಿ? ಈ ಕೊರತೆ ನೀಗಲು 1997ರಲ್ಲಿ ಯುರೋಪಿನಲ್ಲಿ ಹುಟ್ಟಿದ್ದೇ ಕ್ವೇಕ್‌ನೆಟ್.

ಅದಕ್ಕೆ ಬುನಾದಿ ಐಆರ್‌ಸಿ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕರಿನೆನ್ 1988ರಲ್ಲಿ ರೂಪಿಸಿದ ಹರಟೆ ವ್ಯವಸ್ಥೆ ಅದು. ಹಲವು ಸರ್ವರ್‌ಗಳು ಒಂದಕ್ಕೊಂದು ಕೊಂಡಿಯಾಗಿ ನಿಲ್ಲುತ್ತವೆ. ಯಾವುದಕ್ಕೆ ಸೇರಿಕೊಂಡರೂ ಎಲ್ಲ ಚಾನೆಲ್‌ಗಳೂ, ಅಂದರೆ ಹರಟೆಯ ಕೋಣೆಗಳೂ, ಸಿಗುತ್ತವೆ. 1999ರಲ್ಲಿ 'ಕೌಂಟರ್-ಸ್ಟ್ರೈಕ್' ಬಂದ ಮೇಲೆ ಕ್ವೇಕ್‌ನೆಟ್ ಒಂದೇ ಆಟದ ನಂಟನ್ನು ಮೀರಿ ಬೆಳೆಯಿತು. ಪ್ರತಿ ಕ್ಲಾನ್‌ಗೂ, ಅಂದರೆ ಆಟಗಾರರ ತಂಡಕ್ಕೂ, ತನ್ನದೇ ಚಾನೆಲ್. 'ಐದು ಜನ ಇದ್ದೇವೆ, ಸರ್ವರ್ ನಮ್ಮದು, ಯಾರು ಬರ್ತೀರಿ?' ಎಂಬರ್ಥದ ಒಂದು ಸಾಲು ಹಾಕಿದರೆ ಪಂದ್ಯ ಕುದುರುತ್ತಿತ್ತು. 2005ರ ಫೆಬ್ರುವರಿ 8ರಂದು ಏಕಕಾಲಕ್ಕೆ 2,43,394 ಸಂಪರ್ಕಗಳು ದಾಖಲಾದವು.

ಇಷ್ಟು ಜನ ಸೇರಿದ ಕಡೆ ಜಗಳವೂ ಇತ್ತು. ಐಆರ್‌ಸಿಯಲ್ಲಿ ಸರ್ವರ್‌ಗಳ ನಡುವಿನ ಕೊಂಡಿ ಕಳಚಿದರೆ ಜಾಲ ಇಬ್ಭಾಗವಾಗುತ್ತದೆ, ಇದೇ ನೆಟ್‌ಸ್ಪ್ಲಿಟ್. ಆ ಗೊಂದಲದಲ್ಲಿ ಚಾನೆಲ್‌ನ ಅಧಿಕಾರ ಕಸಿದುಕೊಳ್ಳುವವರಿದ್ದರು. ಇದನ್ನು ತಡೆದದ್ದು 'ಕ್ಯೂ' ಎಂಬ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ. ಚಾನೆಲ್ ಯಾರದು, ಅಲ್ಲಿ ಯಾರು ಆಪ್ (ಮೇಲ್ವಿಚಾರಕ) ಎಂಬುದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತಿತ್ತು. ಸೋತ ಸಿಟ್ಟಿಗೆ ಎದುರಾಳಿಯ ಐಪಿ ವಿಳಾಸ ಹಿಡಿದು ಸಂಪರ್ಕವನ್ನೇ ಕೆಡವುವ ಪುಂಡಾಟವೂ ಇದ್ದುದರಿಂದ, ಕ್ಯೂ ಖಾತೆಯಿದ್ದವರು ತಮ್ಮ ವಿಳಾಸ ಮರೆಮಾಡುವ ಅನುಕೂಲವನ್ನೂ ಕಲ್ಪಿಸಲಾಯಿತು.

ಇದನ್ನೆಲ್ಲ ನಡೆಸಿದವರು ಸ್ವಯಂಸೇವಕರು. ಸರ್ವರ್‌ಗಳನ್ನು ಇಂಟರ್ನೆಟ್ ಕಂಪನಿಗಳೂ ಹೋಸ್ಟಿಂಗ್ ಸಂಸ್ಥೆಗಳೂ ಒದಗಿಸಿದವು. ಅವುಗಳ ಮೇಲ್ವಿಚಾರಣೆ, ತಂತ್ರಾಂಶದ ಬರವಣಿಗೆ, ಹೊಸಬರ ಪ್ರಶ್ನೆಗಳಿಗೆ ಉತ್ತರ, ದಾಳಿಗಳ ಎದುರು ಕಾವಲು ಎಲ್ಲವೂ ಸಂಬಳವಿಲ್ಲದ ದುಡಿಮೆ. ಬಳಸುವವರಿಗೆ ಶುಲ್ಕವಿರಲಿಲ್ಲ. ಆಟ ತಯಾರಿಸಿದ ಯಾವ ಕಂಪನಿಯ ಅಂಕೆಯೂ ಇರಲಿಲ್ಲವಾದ್ದರಿಂದ, ಒಂದು ಆಟದ ಕಾಲ ಮುಗಿದರೂ ಅದರ ಬಳಗ ಉಳಿಯಿತು. ಹೊಸ ಆಟ ಹಿಡಿದು ಅದೇ ಚಾನೆಲ್‌ನಲ್ಲಿ ಮುಂದುವರಿಯಿತು.

ಮುಂದೆ ಆಟಗಳನ್ನು ಮಾರುವ, ಹರಟೆಗೂ ಎಡೆಯಿರುವ ಸ್ಟೀಮ್ ತಾಣ ಬೆಳೆಯಿತು. 2015ರಲ್ಲಿ ಬಂದ ಡಿಸ್ಕಾರ್ಡ್ ಧ್ವನಿ, ಬರಹ, ಚಿತ್ರಗಳನ್ನು ಒಂದೆಡೆ ಕೊಟ್ಟಿತು. ಜನ ಅತ್ತ ನಡೆದರು, ಕ್ವೇಕ್‌ನೆಟ್‌ನ ದಟ್ಟಣೆ ಕರಗಿತು. ಆದರೆ ಚಾನೆಲ್, ಅದರ ಹೆಸರಿನ ಮುಂದಿನ ಹ್ಯಾಶ್ ಗುರುತು, ಕಾವಲಿಗೆ ಬಾಟ್, ಬಳಗದೊಳಗಿಂದಲೇ ಬಂದ ಮೇಲ್ವಿಚಾರಕರು ಇವೆಲ್ಲ ಇಂದಿನ ಆಟಗಾರರಿಗೆ ಸಹಜವೆನಿಸುವುದು ಐಆರ್‌ಸಿಯ ಈ ತಲೆಮಾರು ಅವನ್ನು ರೂಢಿಸಿದ್ದರಿಂದ. ಇಂದು ಅಂಥ ತಾಣಗಳ ಒಡೆತನ ಕಂಪನಿಗಳ ಕೈಯಲ್ಲಿದೆ. ಲಕ್ಷಾಂತರ ಜನರ ಸಾರ್ವಜನಿಕ ಜಾಗವೊಂದನ್ನು ಬಳಸುವವರೇ ನಿಂತು ನಡೆಸಬಲ್ಲರು ಎಂದು ಕ್ವೇಕ್‌ನೆಟ್ ತೋರಿಸಿಕೊಟ್ಟಿತು. ಆ ದುಡಿಮೆಗೆ ಆಟಗಾರ ಲೋಕ ಋಣಿಯಾಗಿರಬೇಕು.