ಮಾನ್ಯತೆಯ ಬದಲಿಗೆ ಕಾಯ್ದೆ: ತೈವಾನಿನ ಹೊರಸಂಬಂಧ ಮತ್ತು ಅಮೆರಿಕದ ಶಾಸನಗಳು

1979ರ ಜನವರಿ 1ರಿಂದ ಬೀಜಿಂಗ್‌ನ ಸರ್ಕಾರವನ್ನೇ ಚೀನಾದ ಏಕೈಕ ನ್ಯಾಯಸಮ್ಮತ ಸರ್ಕಾರವೆಂದು ಮಾನ್ಯ ಮಾಡುವುದಾಗಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಡಿಸೆಂಬರ್ 15ರಂದು ಪ್ರಕಟಿಸಿದಾಗ, ತೈವಾನಿನ ಪಾಲಿಗೆ ಮುಚ್ಚಿದ್ದು ಒಂದು ರಾಯಭಾರ ಕಚೇರಿ ಮಾತ್ರವಲ್ಲ. ರಾಜತಾಂತ್ರಿಕ ಮಾನ್ಯತೆ, ಅಂದರೆ ಒಂದು ಸರ್ಕಾರವು ಇನ್ನೊಂದನ್ನು ಸಾರ್ವಭೌಮ ರಾಷ್ಟ್ರದ ಸರ್ಕಾರವೆಂದು ಒಪ್ಪಿಕೊಳ್ಳುವುದು, ಹೊರನೋಟಕ್ಕೆ ಶಿಷ್ಟಾಚಾರದ ಸಂಗತಿಯಂತೆ ಕಂಡರೂ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕು, ಆಸ್ತಿಯ ಒಡೆತನ, ರಫ್ತು ಪರವಾನಗಿ, ಸಾಲದ ಖಾತರಿ ಇವೆಲ್ಲವೂ ಅದರ ಮೇಲೆಯೇ ನಿಂತಿರುತ್ತವೆ. ತೈಪೆಯ ಸರ್ಕಾರವು 1971ರಲ್ಲಿ ವಿಶ್ವಸಂಸ್ಥೆಯ ಸ್ಥಾನವನ್ನು ಆಗಲೇ ಕಳೆದುಕೊಂಡಿತ್ತು. ಈಗ ಅದರ ಬಹುಮುಖ್ಯ ಮಿತ್ರರಾಷ್ಟ್ರವೂ ಕೈಬಿಟ್ಟಿದ್ದರಿಂದ ಮತ್ತು 1954ರ ರಕ್ಷಣಾ ಒಪ್ಪಂದವನ್ನು ಒಂದು ವರ್ಷದ ಮುನ್ಸೂಚನೆಯೊಂದಿಗೆ ಕೊನೆಗೊಳಿಸಲು ನಿರ್ಧರಿಸಿದ್ದರಿಂದ, ಉಳಿದ ವ್ಯವಹಾರಗಳಿಗೆ ಯಾವ ಆಧಾರವಿದೆಯೆಂಬ ಪ್ರಶ್ನೆ ಎದ್ದಿತು.

ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಕಾರ್ಟರ್ ಸರ್ಕಾರ 1979ರ ಜನವರಿಯಲ್ಲಿ ಕಳುಹಿಸಿದ ಮಸೂದೆಯು ವಾಣಿಜ್ಯ ಮತ್ತು ಸಾಂಸ್ಕೃತಿಕ ಸಂಬಂಧಗಳನ್ನು ಖಾಸಗಿ ಸಂಸ್ಥೆಯೊಂದರ ಮೂಲಕ ಮುಂದುವರಿಸುವ ಏರ್ಪಾಡನ್ನು ಒಳಗೊಂಡಿತ್ತೇ ಹೊರತು ದ್ವೀಪದ ಭದ್ರತೆಯ ವಿಷಯದಲ್ಲಿ ಮೌನವಾಗಿತ್ತು. ತಮ್ಮನ್ನು ಕೇಳದೆಯೇ ನಿರ್ಧಾರ ಕೈಗೊಂಡರೆಂದು ಮೊದಲೇ ಅಸಮಾಧಾನಗೊಂಡಿದ್ದ ಸದಸ್ಯರು ಮಸೂದೆಯನ್ನು ಹೆಚ್ಚುಕಡಿಮೆ ಹೊಸದಾಗಿಯೇ ಬರೆದರು. ಅಂತಿಮ ರೂಪಕ್ಕೆ ಪ್ರತಿನಿಧಿ ಸಭೆಯಲ್ಲಿ 339–50ರ ಮತ್ತು ಸೆನೆಟ್ಟಿನಲ್ಲಿ 85–4ರ ಬೆಂಬಲ ದೊರೆತದ್ದರಿಂದ ಅಧ್ಯಕ್ಷರ ವೀಟೊದ ಮಾತೇ ಉಳಿಯಲಿಲ್ಲ; ಕಾರ್ಟರ್ ಏಪ್ರಿಲ್ 10ರಂದು ಸಹಿ ಹಾಕಿದರು, ಕಾಯ್ದೆ ಜನವರಿ 1ರಿಂದಲೇ ಪೂರ್ವಾನ್ವಯವಾಗಿ ಜಾರಿಗೆ ಬಂದಿತು.

ತೈವಾನ್ ಸಂಬಂಧಗಳ ಕಾಯ್ದೆಯೆಂದು ಹೆಸರಾದ ಈ ಶಾಸನದ ಕುರಿತು ನಡೆಯುವ ಚರ್ಚೆಗಳೆಲ್ಲ ಸಾಮಾನ್ಯವಾಗಿ ರಕ್ಷಣಾತ್ಮಕ ಶಸ್ತ್ರಾಸ್ತ್ರಗಳನ್ನು ಪೂರೈಸುವ ವಿಧಿಯ ಸುತ್ತಲೇ ಸುತ್ತುತ್ತವೆಯಾದರೂ, ಅದರ ನಿಜವಾದ ಜಾಣ್ಮೆ ಇರುವುದು ಯಾರೂ ಅಷ್ಟಾಗಿ ಓದದ ನಾಲ್ಕನೆಯ ವಿಧಿಯಲ್ಲಿ. ಅಮೆರಿಕದ ಯಾವುದೇ ಕಾನೂನು ವಿದೇಶ, ರಾಷ್ಟ್ರ, ಸರ್ಕಾರ ಎಂದು ಹೇಳಿದಲ್ಲೆಲ್ಲ ಅದು ತೈವಾನಿಗೂ ಅನ್ವಯಿಸುತ್ತದೆಂದು ಆ ವಿಧಿ ಸಾರಿತು. ಹಾಗಾಗಿ ಮಾನ್ಯತೆ ಹೋದರೂ ಮಾನ್ಯತೆಯ ಕಾನೂನುಫಲಗಳು ಉಳಿದವು. ಹಿಂದಿನ ಒಪ್ಪಂದಗಳು ಮುಂದುವರಿದವು, ತೈವಾನ್ ಅಮೆರಿಕದ ನ್ಯಾಯಾಲಯಗಳಲ್ಲಿ ವಾದಿಯೂ ಪ್ರತಿವಾದಿಯೂ ಆಗಬಹುದಾಯಿತು, 1978ರ ಡಿಸೆಂಬರ್ 31ರವರೆಗೆ ಅದರ ವಶದಲ್ಲಿದ್ದ ಆಸ್ತಿಗೆ ರಕ್ಷಣೆ ಸಿಕ್ಕಿತು. ಈ ಕೊನೆಯ ಅಂಶಕ್ಕೆ ಹಿನ್ನೆಲೆಯೂ ಇತ್ತು: ವಾಷಿಂಗ್ಟನ್ನಿನಲ್ಲಿ ತನ್ನ ರಾಯಭಾರಿಗಳು ವಾಸಿಸುತ್ತಿದ್ದ ಟ್ವಿನ್ ಓಕ್ಸ್ ಎಂಬ ವಿಶಾಲ ನಿವಾಸವು ಬೀಜಿಂಗ್‌ನ ಪಾಲಾಗದಿರಲೆಂದು ತೈಪೆ ಅದನ್ನು ಗಡುವಿಗೆ ಕೆಲವೇ ದಿನಗಳ ಮೊದಲು ಅಮೆರಿಕದ ಸ್ನೇಹಿತರ ಸಂಘವೊಂದಕ್ಕೆ ನಾಮಮಾತ್ರದ ಬೆಲೆಗೆ ಬರೆದುಕೊಟ್ಟಿತ್ತು ಮತ್ತು 1982ರಲ್ಲಿ ಮರಳಿ ಪಡೆಯಿತು.

ಆರ್ಥಿಕ ಸಂಬಂಧಗಳಿಗೂ ಕಾಯ್ದೆ ದಾರಿ ಮಾಡಿತು. ವಿದೇಶದಲ್ಲಿ ಬಂಡವಾಳ ಹೂಡುವ ಅಮೆರಿಕನ್ನರಿಗೆ ವಿಮೆ ಒದಗಿಸುತ್ತಿದ್ದ ಸರ್ಕಾರಿ ನಿಗಮವು ತಲಾ ಆದಾಯ 1,000 ಡಾಲರ್ ಮೀರಿದ ನಾಡುಗಳಲ್ಲಿ ಮಿತಿಗೊಳಪಟ್ಟು ಕೆಲಸ ಮಾಡಬೇಕಿತ್ತು. ಕೈಗಾರಿಕೆಯಿಂದ ಬೇಗ ಬೇಗ ಬೆಳೆಯುತ್ತಿದ್ದ ತೈವಾನಿಗೆ ಆ ಮಿತಿಯಿಂದ ಮೂರು ವರ್ಷಗಳ ವಿನಾಯಿತಿ ನೀಡಲಾಯಿತು. ರಾಯಭಾರ ಕಚೇರಿಯ ಜಾಗಕ್ಕೆ ಬಂದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಇನ್ ತೈವಾನ್ ಕಾನೂನಿನ ದೃಷ್ಟಿಯಲ್ಲಿ ಲಾಭರಹಿತ ಖಾಸಗಿ ಸಂಸ್ಥೆ. ಅಲ್ಲಿಗೆ ನೇಮಕಗೊಂಡ ಅಧಿಕಾರಿಗಳು ಸರ್ಕಾರಿ ಸೇವೆಯಿಂದ ತಾತ್ಕಾಲಿಕವಾಗಿ ಹೊರಬಂದು, ಅವಧಿ ಮುಗಿದ ಮೇಲೆ ಸೇವಾಹಿರಿತನ ಕಳೆದುಕೊಳ್ಳದೆ ಮರಳುವ ವ್ಯವಸ್ಥೆಯಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವೇಷವೇ ಸರಿ, ಆದರೆ ಬೀಜಿಂಗಿಗೂ ವಾಷಿಂಗ್ಟನ್ನಿಗೂ ಬೇಕಾಗಿದ್ದ ವೇಷ.

ಕಾಯ್ದೆಯ ಹಿಡಿತ ಅಮೆರಿಕದ ಗಡಿಯೊಳಗೆ ಬಿಗಿಯಾಗಿತ್ತು, ಹೊರಗೆ ಹಾಗಿರಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ಸಂಸ್ಥೆಗಳಿಂದ ತೈವಾನನ್ನು ಹೊರಹಾಕುವುದಕ್ಕೆ ಈ ಶಾಸನದ ಯಾವ ಮಾತೂ ಬೆಂಬಲವೆಂದು ಅರ್ಥೈಸಕೂಡದೆಂದು ಅದರಲ್ಲೇ ಬರೆದಿದ್ದರೂ, 1980ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮತ್ತು ವಿಶ್ವಬ್ಯಾಂಕಿನ ಸ್ಥಾನಗಳು ಬೀಜಿಂಗಿಗೆ ಹೋದವು. ತೈವಾನ್ ಮುಂದೆ ಹೆಸರು ಬದಲಿಸಿಕೊಂಡೇ ಒಳಗೆ ಉಳಿಯುವ ದಾರಿಯನ್ನು ಕಂಡುಕೊಂಡಿತು. 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ್ದು ರಾಷ್ಟ್ರವಾಗಿಯಲ್ಲ, ತೈವಾನ್, ಪೆಂಗ್ಹು, ಕಿನ್ಮೆನ್ ಮತ್ತು ಮಾತ್ಸು ದ್ವೀಪಗಳ ಪ್ರತ್ಯೇಕ ಸುಂಕವಲಯವಾಗಿ.

2016ರ ನಂತರ ಬೀಜಿಂಗ್ ತೈವಾನಿನ ಮಿತ್ರರನ್ನು ಒಬ್ಬೊಬ್ಬರನ್ನಾಗಿ ಸೆಳೆಯತೊಡಗಿತು. 2017ರಲ್ಲಿ ಪನಾಮಾ, ಮರುವರ್ಷ ಡೊಮಿನಿಕನ್ ಗಣರಾಜ್ಯ, ಬುರ್ಕಿನಾ ಫಾಸೊ ಮತ್ತು ಎಲ್ ಸಾಲ್ವಡೋರ್, 2019ರ ಸೆಪ್ಟೆಂಬರಿನಲ್ಲಿ ಒಂದೇ ವಾರದೊಳಗೆ ಸೊಲೊಮನ್ ದ್ವೀಪಗಳು ಮತ್ತು ಕಿರಿಬಾತಿ ಸಂಬಂಧ ಕಡಿದುಕೊಂಡವು. ಇದಕ್ಕೆ ಉತ್ತರವಾಗಿ ಸೆನೆಟರ್ ಕೋರಿ ಗಾರ್ಡ್ನರ್ ಮಂಡಿಸಿದ್ದ ಮಸೂದೆಯು ಪ್ರತಿನಿಧಿ ಸಭೆಯಲ್ಲಿ 415–0ರಿಂದ ಅಂಗೀಕೃತವಾಗಿ 2020ರ ಮಾರ್ಚ್ 26ರಂದು ತೈಪೆ ಕಾಯ್ದೆಯೆಂಬ ಹೆಸರಿನಲ್ಲಿ ಜಾರಿಗೆ ಬಂದಿತು. ತೈವಾನಿನೊಡನೆ ಸಂಬಂಧ ಬಲಪಡಿಸಿಕೊಂಡ ದೇಶಗಳೊಂದಿಗೆ ಆರ್ಥಿಕ ಮತ್ತು ರಾಜತಾಂತ್ರಿಕ ಒಡನಾಟ ಹೆಚ್ಚಿಸುವುದನ್ನೂ, ಅದಕ್ಕೆ ಧಕ್ಕೆ ತಂದ ದೇಶಗಳೊಂದಿಗಿನ ಒಡನಾಟವನ್ನು ಮಾರ್ಪಡಿಸುವುದನ್ನೂ ಸರ್ಕಾರ ಪರಿಗಣಿಸಬೇಕೆಂಬುದು ಅದರ ತಿರುಳು. ಮೊದಲ ಕಾಯ್ದೆ ಅಮೆರಿಕದ ಸ್ವಂತ ನಡವಳಿಕೆಯನ್ನು ಕಟ್ಟಿಹಾಕಿದರೆ, ಎರಡನೆಯದು ಮೂರನೆಯವರ ಮನಸ್ಸನ್ನು ತಿರುಗಿಸಲು ಹೊರಟಿತು. ಪರಿಣಾಮದಲ್ಲಿ ಕಂಡ ಅಂತರಕ್ಕೆ ಇದೇ ಕಾರಣವೆನ್ನಬೇಕು. 2021ರಲ್ಲಿ ನಿಕರಾಗುವಾ, 2023ರಲ್ಲಿ ಹೊಂಡುರಾಸ್, 2024ರ ಜನವರಿಯಲ್ಲಿ ನೌರು ಹೊರನಡೆದು, ಉಳಿದವು 12 ಮಾತ್ರ.

1995ರಿಂದ ಭಾರತವೂ ರಾಯಭಾರ ಕಚೇರಿಯ ಬದಲಿಗೆ ಇಂಡಿಯಾ–ತೈಪೆ ಅಸೋಸಿಯೇಷನ್ ಮೂಲಕ ವ್ಯವಹರಿಸುತ್ತ ಬಂದಿದೆ. ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದಂತೆ ನೋಡಿಕೊಳ್ಳುವ ಒಪ್ಪಂದಗಳು ಸಾಮಾನ್ಯವಾಗಿ ಸರ್ಕಾರ ಸರ್ಕಾರಗಳ ನಡುವೆ ಆಗುವಂಥವು. ಆದರೆ 2006ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 90ಎ ವಿಧಿಯು, ಭಾರತದ ಸಂಸ್ಥೆಯೊಂದು ಹೊರಗಿನ ಸಂಸ್ಥೆಯೊಂದಿಗೆ ಮಾಡಿಕೊಂಡ ಇಂಥ ಒಪ್ಪಂದವನ್ನು ಕೇಂದ್ರ ಸರ್ಕಾರ ಅಳವಡಿಸಿಕೊಳ್ಳಲು ಅವಕಾಶ ನೀಡಿದ್ದರಿಂದ, 2011ರಲ್ಲಿ ಉಭಯ ಕಚೇರಿಗಳ ಸಹಿಯೇ ಸಾಕಾಯಿತು. ಮುಂದೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಫೋನು ಜೋಡಣೆಯ ಕಾರ್ಖಾನೆ ತೆರೆಯುವ ಹೊತ್ತಿಗೆ ಈ ತೆರಿಗೆಯ ತೊಡಕು ನಿವಾರಣೆಯಾಗಿತ್ತು. ಅಷ್ಟೊಂದು ಶಾಸನಗಳನ್ನು ಹೊರಡಿಸಿದ ಅಮೆರಿಕದಲ್ಲಾದರೋ, ಮಾನ್ಯತೆಯಿಲ್ಲದ ಸರ್ಕಾರದೊಡನೆ ತೆರಿಗೆ ಒಪ್ಪಂದ ಸಾಧ್ಯವಿಲ್ಲದ ಕಾರಣ ಅದಕ್ಕಾಗಿ ಪ್ರತ್ಯೇಕ ಮಸೂದೆಯೇ ಬೇಕಾಯಿತು. ಅದು 2025ರ ಜನವರಿಯಲ್ಲಿ ಪ್ರತಿನಿಧಿ ಸಭೆಯನ್ನು ದಾಟಿ ಸೆನೆಟ್ಟಿಗೆ ಹೋಯಿತು.