ಅಶೋಕನಗರದ ಫುಟ್‌ಬಾಲ್ ಅಂಗಣ

ಅಶೋಕನಗರದ ಮೆಗ್ರಾತ್ ರಸ್ತೆಯ ಮಗ್ಗುಲಲ್ಲಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣ ಆಟಕ್ಕೆ ತೆರೆದದ್ದು 1971ರಲ್ಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ವಶದಲ್ಲಿರುವ ಈ ಅಂಗಣದ ಸುತ್ತ ಇಂದು ಮಾಲ್‌ಗಳೂ ಹೋಟೆಲುಗಳೂ ಎದ್ದಿವೆ. ಈ ಭಾಗದ ಫುಟ್‌ಬಾಲ್ ಮಾತ್ರ ಅಂಗಣಕ್ಕಿಂತ ಬಹಳ ಹಳೆಯದು. ಗ್ಯಾಲರಿಯ ಗೋಡೆ ಏಳುವ ಹೊತ್ತಿಗೆ ದಂಡು ಪ್ರದೇಶದ ಆಟಗಾರರ ದೊಡ್ಡ ಗೆಲುವುಗಳು ಆಗಿಹೋಗಿದ್ದವು.

ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರ ಸುಮಾರಿಗೆ ಹಲಸೂರಿನ ಆಸುಪಾಸಿಗೆ ಬಂದು ನೆಲೆಸಿದ ಮೇಲೆ ದಂಡು ಬೆಳೆಯಿತು. ಪೇಟೆ ಮೈಸೂರು ಅರಸರದು, ದಂಡು ಬ್ರಿಟಿಷರದು. ಸೈನಿಕರ ಜೊತೆ ಬಂದ ಅಡುಗೆಯವರು, ಕುದುರೆ ಕಾಯುವವರು, ಗುತ್ತಿಗೆದಾರರು, ಗಾರೆ ಕೆಲಸದವರು ಬ್ಲ್ಯಾಕ್‌ಪಳ್ಳಿ ಎಂದು ಕರೆಯುತ್ತಿದ್ದ ಇಂದಿನ ಶಿವಾಜಿನಗರದಲ್ಲೂ ಹಲಸೂರಿನಲ್ಲೂ ನೆಲೆನಿಂತರು. ಮನೆಮಾತು ತಮಿಳು, ದಖನಿ ಉರ್ದು, ತೆಲುಗು. ರೆಜಿಮೆಂಟುಗಳ ಗೋರಾ ಸಿಪಾಯಿಗಳು ಪರೇಡ್ ಮೈದಾನದಲ್ಲಿ ಆಡುತ್ತಿದ್ದ ಆಟ ಈ ಕೇರಿಗಳ ಹುಡುಗರ ಕಾಲಿಗೂ ಬಂತು. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು ಬೇಕು. ಇದಕ್ಕೆ ಒಂದು ಚೆಂಡು ಸಾಕಿತ್ತು, ಬೂಟು ಸಹ ಬೇಕಿರಲಿಲ್ಲ.

ಈ ಕೇರಿಗಳ ಆಟ ದೇಶದ ಕಣ್ಣಿಗೆ ಬಿದ್ದದ್ದು 1937ರಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದು, ಅದುವರೆಗೆ ಬ್ರಿಟಿಷ್ ಪಡೆಗಳ ಸೊತ್ತಿನಂತಿದ್ದ ಆ ಟ್ರೋಫಿಯನ್ನು ಎತ್ತಿದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಮತ್ತೆ ಗೆದ್ದಿತು, 1948ರಲ್ಲಿ ಮೂರನೆಯ ಬಾರಿ. 1911ರಲ್ಲಿ ಐಎಫ್‌ಎ ಶೀಲ್ಡ್ ಗೆದ್ದ ಮೋಹನ್ ಬಾಗಾನಿನ ಕಥೆ ಬಂಗಾಳದ ಮನೆಮನೆಗೂ ಗೊತ್ತು. 1937ರ ಗೆಲುವು ಕನ್ನಡದ ಶಾಲಾಪುಸ್ತಕಗಳಿಗೆ ಬರಲಿಲ್ಲ. ದಂಡಿಗೂ ಪೇಟೆಗೂ ಇದ್ದ ದೂರ ಮೈಲಿಗಳದ್ದಷ್ಟೇ ಆಗಿರಲಿಲ್ಲ.

ಒಲಿಂಪಿಕ್ಸ್ ಲೆಕ್ಕ ಇನ್ನೂ ಸ್ವಾರಸ್ಯದ್ದು. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ ಭಾರತ ಫ್ರಾನ್ಸಿನ ಎದುರು ಆಡಿತು. ಹೆಚ್ಚಿನವರು ಬರಿಗಾಲಲ್ಲಿದ್ದರು, ಕೆಲವರು ಪಾದಕ್ಕೆ ಪಟ್ಟಿ ಸುತ್ತಿಕೊಂಡಿದ್ದರು. ಎರಡು ಪೆನಾಲ್ಟಿ ಕೈತಪ್ಪಿ ಪಂದ್ಯ 1-2ರಿಂದ ಹೋಯಿತು. ಭಾರತದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು; ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶಕ್ಕೆ ಮೊದಲನೆಯದೂ ಅದೇ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತದ ಮೇಲೆ ಹತ್ತು ಗೋಲು ಸುರಿಯಿತು. ಭಾರತ ಮರಳಿಸಿದ ಒಂದು ಗೋಲು ಅಹ್ಮದ್ ಖಾನ್ ಅವರದು, ಅವರೂ ಬೆಂಗಳೂರಿನವರೇ. ಎರಡು ಒಲಿಂಪಿಕ್ಸ್, ಎರಡೇ ಗೋಲು, ಎರಡೂ ಇದೇ ಊರಿನ ಕಾಲುಗಳಿಂದ. ಅಹ್ಮದ್ ಖಾನ್ ಮತ್ತು ಇದೇ ಊರಿನ ಧನರಾಜ್ ಅಷ್ಟರಲ್ಲಾಗಲೇ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ‘ಪಂಚ ಪಾಂಡವ’ರೆನಿಸಿದ ಅಲ್ಲಿನ ಐವರು ಮುಂಚೂಣಿ ಆಟಗಾರರಲ್ಲಿ ಇಬ್ಬರಾಗಿದ್ದರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಇಲ್ಲಿಂದ ಹೋಗಿ ಮೋಹನ್ ಬಾಗಾನಿಗೆ ಆಡಿದವರು. ದಂಡು ಆಟಗಾರರನ್ನು ಬೆಳೆಸುತ್ತಿತ್ತು, ಕಲ್ಕತ್ತೆ ಕರೆದೊಯ್ಯುತ್ತಿತ್ತು.

ಊರಲ್ಲೇ ಉಳಿದವರಿಗೆ ಕಾರ್ಖಾನೆಗಳು ನೆರಳಾದವು. 1940ರಲ್ಲಿ ಶುರುವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದಲ್ಲಿ ನೆಲೆಗೊಂಡ ಐಟಿಐ, ಮದ್ರಾಸ್ ಎಂಜಿನಿಯರ್ ಗ್ರೂಪ್ ಮುಂತಾದವು ತಂಡ ಕಟ್ಟಿದವು. ಚೆಂಡು ಚೆನ್ನಾಗಿ ಒದ್ದವನಿಗೆ ಸಂಬಳದ ಕೆಲಸ ಸಿಗುತ್ತಿತ್ತು. ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿಯಲ್ಲಿ ಮೈಸೂರು (ಇಂದಿನ ಕರ್ನಾಟಕ) ತಂಡ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದದ್ದು ಈ ಬಲದಿಂದ. ಈ ಪೈಕಿ ಮೂರು ಬೆಂಗಳೂರಿನಲ್ಲೇ ನಡೆದ ಟೂರ್ನಿಗಳು.

ಕೊನೆಯ ಗೆಲುವಿನ ಬೆನ್ನಿಗೇ ಅಂಗಣ ಬಂತು. ಅಲ್ಲಿಯವರೆಗೆ ಬೇರೆಬೇರೆ ಮೈದಾನಗಳಲ್ಲಿ ಹಂಚಿಹೋಗಿದ್ದ ಆಟಕ್ಕೆ ಗ್ಯಾಲರಿಯಿರುವ ಸ್ವಂತ ಮನೆಯಾಯಿತು. ಆಸ್ಟಿನ್ ಟೌನ್, ಮರ್ಫಿ ಟೌನ್, ನೀಲಸಂದ್ರ, ಗೌತಮಪುರದವರಿಗೆ ಇದು ಹತ್ತಿರ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲೇ ಚೆಂಡಿನೊಡನೆ ಪೆಲೆಯೂ ನಿಂತಿದ್ದಾರೆ. ಮನೆ ಸಿಕ್ಕಿತು, ಟ್ರೋಫಿ ಸಿಗಲಿಲ್ಲ. ಕಾರ್ಖಾನೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಬರಬರುತ್ತ ಕಡಿಮೆ ಮಾಡಿದವು, 1983ರ ಕ್ರಿಕೆಟ್ ವಿಶ್ವಕಪ್ ಗೆಲುವಿನ ನಂತರ ಗಲ್ಲಿಗಳು ಆ ಆಟದ ಪಾಲಾದವು. ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಎತ್ತಿದ್ದು 54 ವರ್ಷಗಳ ಮೇಲೆ, 2023ರ ಮಾರ್ಚ್ 4ರಂದು, ಮೇಘಾಲಯವನ್ನು 3-2ರಿಂದ ಸೋಲಿಸಿ. ಆ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.

ನೆಲಕ್ಕೆ ಕೃತಕ ಹುಲ್ಲು ಹಾಸಿದ ಮೇಲೆ ಮಳೆಗಾಲದ ಕೆಸರಿನ ಕಾಟ ತಪ್ಪಿತು. ಬದಲಿಗೆ ಮಧ್ಯಾಹ್ನದ ಬಿಸಿಲಿಗೆ ನೆಲ ಕಾಯುತ್ತದೆ, ಜಾರಿ ಬಿದ್ದರೆ ಮೊಣಕಾಲು ತರಚುತ್ತದೆ, ಬೂಟಿನೊಳಗಿಂದ ಕರಿ ರಬ್ಬರ್ ಹರಳು ಉದುರುತ್ತವೆ. ಈ ಹಾಸಿನ ಮೇಲೆಯೇ 2013ರ ಸೆಪ್ಟೆಂಬರ್ 22ರಂದು ಹೊಸ ತಂಡ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಪಂದ್ಯವನ್ನು ಮೋಹನ್ ಬಾಗಾನ್ ಎದುರು ಆಡಿ 1-1ರಲ್ಲಿ ಮುಗಿಸಿತು. ನಾಯಕ ಸುನಿಲ್ ಛೆಟ್ರಿ, ಕೋಚ್ ಆಶ್ಲಿ ವೆಸ್ಟ್‌ವುಡ್. ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಿದ್ದ ಅಭಿಮಾನಿಗಳು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡರು. ತಂಡ ಮೊದಲ ವರ್ಷವೇ ಲೀಗ್ ಗೆದ್ದಿತು. ಪ್ರಶಸ್ತಿ ಖಚಿತವಾದದ್ದು ಮಾತ್ರ 2014ರ ಏಪ್ರಿಲ್ 21ರಂದು ಮಡಗಾಂವ್‌ನಲ್ಲಿ, ಡೆಂಪೊವನ್ನು 4-2ರಿಂದ ಸೋಲಿಸಿದಾಗ. ಮುಂದಿನ ಋತುವಿಗೆ ತಂಡ ಕಂಠೀರವ ಕ್ರೀಡಾಂಗಣಕ್ಕೆ ಹೊರಟುಹೋಯಿತು. ಅಶೋಕನಗರದ ಗ್ಯಾಲರಿಯ ಹೆಸರೂ ಅಭಿಮಾನಿಗಳ ಜೊತೆಯಲ್ಲೇ ಹೋಯಿತು.

ಸುಮಾರು 8,400 ಜನ ಕೂರಬಹುದಾದ ಅಂಗಣದಲ್ಲಿ 2020ರ ಫೆಬ್ರುವರಿ 14ರಂದು ಭಾರತೀಯ ಮಹಿಳಾ ಲೀಗ್ ಫೈನಲ್ ನಡೆಯಿತು. ಗೋಕುಲಂ ಕೇರಳ ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಸೋಲಿಸಿತು. ಉಳಿದಂತೆ ಈ ನೆಲ ಜಿಲ್ಲಾ ಲೀಗಿನದು. ಸೂಪರ್ ಡಿವಿಷನ್ನಿನಿಂದ ಕೆಳಗಿನ ದರ್ಜೆಗಳವರೆಗೆ ತಂಡಗಳು ಇಲ್ಲಿ ಆಡುತ್ತ ಬಂದಿವೆ. ಆಟಗಾರರ ಪಟ್ಟಿಯಲ್ಲಿ ಮಣಿಪುರ, ಮಿಜೋರಾಂ, ಕೇರಳದ ಹೆಸರುಗಳ ನಡುವೆ ಆಸ್ಟಿನ್ ಟೌನಿನ ಒಂದೆರಡು ಹೆಸರುಗಳೂ ಸಿಗುತ್ತವೆ.