ಮೇಸ್ತ್ರಿಯ ಲೆಕ್ಕ, ನನ್ನ ಲೆಕ್ಕ

ಬಿಕಾಂ ಮುಗಿಸಿ ನಾನು ಸೇರಿದ ಮೊದಲ ಕೆಲಸ ಬೆಂಗಳೂರಿನ ಒಂದು ರಿಕ್ರೂಟ್‌ಮೆಂಟ್ ಏಜೆನ್ಸಿಯಲ್ಲಿ. ಬೇರೆ ಕಂಪನಿಗಳಿಗೆ ಬೇಕಾದ ಜನರನ್ನ ನಾವು ಹುಡುಕಿ ಕೊಡೋದು. ದಿನವಿಡೀ ಫೋನ್. ನಾನು ಸೇರಿಸಿದವರು 90 ದಿನ ನಿಂತರೆ ಮಾತ್ರ ನನಗೆ ಇನ್ಸೆಂಟಿವ್. ಮೊದಲೇ ಬಿಟ್ಟರೆ ಕ್ಲೈಂಟ್ ಫೀಸು ವಾಪಸ್ ಕೇಳ್ತಾರೆ, ನನ್ನ ದುಡ್ಡು ಕಟ್.

ಇದೇನೋ ಐಟಿ ಕಾಲದ ಕೆಲಸ ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ಇದನ್ನೇ ಮೇಸ್ತ್ರಿ ಮಾಡ್ತಿದ್ದ.

1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ. ಬೆನ್ನಿಗೇ ಬೇರೆ ಯುರೋಪಿಯನ್ನರೂ ಬಂದರು. ಕಾಡು ಕಡಿಯೋಕೆ, ಹಣ್ಣು ಕೊಯ್ಯೋಕೆ ಆಳು ಬೇಕಲ್ಲ? ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಜನರನ್ನು ಕರೆತರಬೇಕಿತ್ತು. ಸಾಹೇಬರಿಗೆ ಆ ಹಳ್ಳಿಗಳ ಪರಿಚಯ ಎಲ್ಲಿಂದ ಬರಬೇಕು? ಹಾಗಾಗಿ ಮೇಸ್ತ್ರಿ ಕೈಗೆ ಮುಂಗಡ ಕೊಡೋರು. ಅವನು ಊರೂರು ತಿರುಗಿ, ಯಾರ ಮನೇಲಿ ಮದುವೆ, ಯಾರಿಗೆ ಹಳೇ ಸಾಲ ಅಂತ ನೋಡಿ ಹಣ ಹಂಚಿ, ಗುಂಪು ಕಟ್ಟಿಕೊಂಡು ತೋಟಕ್ಕೆ ಬರೋನು. ಆಳುಗಳ ದುಡಿಮೆ ಮೇಲೆ ಅವನಿಗೆ ಕಮಿಷನ್. ಯಾರಾದ್ರೂ ಓಡಿ ಹೋದರೆ ಆ ಮುಂಗಡ ಅವನ ತಲೆಗೆ.

ನನ್ನ ಹತ್ತಿರ ಇಲ್ಲದ ಒಂದು ಅಸ್ತ್ರ ಆ ವ್ಯವಸ್ಥೆಗಿತ್ತು: 1859ರ 13ನೇ ಕಾಯ್ದೆ. ಕಲ್ಕತ್ತದ ವ್ಯಾಪಾರಿಗಳ ಒತ್ತಾಯದಿಂದ ಹುಟ್ಟಿದ ಕಾನೂನು ಕೊಡಗಿನವರೆಗೂ ಬಂತು. ಮುಂಗಡ ತಗೊಂಡು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದಿತ್ತು. ದುಡ್ಡು ವಾಪಸ್ ಕಟ್ಟು, ಇಲ್ಲಾ ಕೆಲಸ ಮುಗಿಸು ಅಂತ ಆದೇಶ. ಮೀರಿದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿ ಕೂಲಿ ಕೊಡದಿದ್ದರೆ? ಆ ಕಾಯ್ದೆಯಲ್ಲಿ ಅವನಿಗೆ ಜೈಲಿಲ್ಲ. ಇದನ್ನು ರದ್ದು ಮಾಡೋ ಕಾನೂನು ಬಂದಿದ್ದು 1925ರಲ್ಲಿ.

ಅಸ್ತ್ರ ನನ್ನ ಹತ್ತಿರ ಇರಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಅರಸೀಕೆರೆ ಕಡೆಯ ಒಬ್ಬ ಹುಡುಗ 83ನೇ ದಿನ ಫೋನ್ ಮಾಡಿ, "ಅಣ್ಣಾ, ನೈಟ್ ಶಿಫ್ಟ್ ಆಗ್ತಿಲ್ಲ, ಊರಿಗೆ ಹೋಗ್ತೀನಿ" ಅಂದ. ಆ ತಿಂಗಳ ರೂಮ್ ಬಾಡಿಗೆಗೆ ನಾನು ಅವನ ಇನ್ಸೆಂಟಿವ್ ನಂಬಿಕೊಂಡಿದ್ದೆ. "ಈಗ ಬಿಟ್ರೆ ಪೊಲೀಸ್ ಕೇಸ್ ಆಗುತ್ತೆ ಕಣೋ" ಅಂದೆ. ಶುದ್ಧ ಸುಳ್ಳು. ಅವನು ನಂಬಿದ. ಇನ್ನೂ ಏಳು ದಿನ ಕೆಲಸ ಮಾಡಿದ. ನನಗೆ ದುಡ್ಡು ಬಂತು.

91ನೇ ದಿನ ಮತ್ತೆ ಫೋನ್ ಮಾಡಿದ. "ಅಣ್ಣಾ, ಈಗ ಹೋಗಬಹುದಾ?"